ಕಣದ ಮೆಣಸು ಹೋದರೆ ‘ರಾಬರಿ’ ಎನ್ನಬಹುದೇ?

ಪ್ರಶ್ನೆ (ಸೋಮವಾರಪೇಟೆ):
ಕಣದಲ್ಲಿ ಒಣಗಲು ಹರಡಿದ್ದ ಕರಿಮೆಣಸಿನಲ್ಲಿ ಎರಡು ಚೀಲದಷ್ಟು ರಾತ್ರೋರಾತ್ರಿ ಕಾಣೆಯಾಗಿದೆ. ಹೊರದೇಶದಲ್ಲಿರುವ ಅಣ್ಣನ ಮಕ್ಕಳಿಗೆ ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ‘ರಾಬರಿ’ ಎಂದರೆ ಸರಿಯಾದೀತೇ?

ಉತ್ತರ (ಮಡಿಕೇರಿ):
ಆಗದು. ಯಾರಿಗೂ ತಿಳಿಯದಂತೆ ಒಯ್ದಿದ್ದರೆ ಅದು ‘ಥೆಫ್ಟ್’, ಅಂದರೆ ಕಳವು. ಕಾವಲಿನವರನ್ನು ಹೊಡೆದೋ, ಕತ್ತಿ ತೋರಿಸಿ ಹೆದರಿಸಿಯೋ ಒಯ್ದಿದ್ದರೆ ಮಾತ್ರ ‘ರಾಬರಿ’, ಅಂದರೆ ಸುಲಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೆಯ ಕಲಮೂ ಸುಲಿಗೆಗೆ 309ನೆಯ ಕಲಮೂ ಇವೆ. ಐದು ಅಥವಾ ಹೆಚ್ಚು ಮಂದಿ ಕೂಡಿ ಸುಲಿಗೆ ಮಾಡಿದರೆ ಅದು ‘ಡಕಾಯಿಟಿ’; ಇಂಗ್ಲಿಷರು ಈ ಪದವನ್ನು ನಮ್ಮ ದೇಶದಿಂದಲೇ ಒಯ್ದರೆಂಬುದು ಸ್ವಾರಸ್ಯ.

ಪ್ರಶ್ನೆ ಕೇಳಿದವರು:
ಹಾಗಾದರೆ ‘ಬರ್ಗ್ಲರಿ’?

ಉತ್ತರ (ವಿರಾಜಪೇಟೆ):
ಗೋದಾಮಿನ ಬೀಗ ಮುರಿದು ಒಳಗೆ ನುಗ್ಗಿದ್ದರೆ ಆ ಪದ ಹೊಂದುತ್ತಿತ್ತು, ಬಯಲು ಕಣಕ್ಕೆ ಹೊಂದದು. ನಮ್ಮ ಸಂಹಿತೆಯಲ್ಲಿ ಅಂಥದ್ದಕ್ಕೆ ‘ಹೌಸ್ ಬ್ರೇಕಿಂಗ್’ ಎಂಬ ಹೆಸರಿದೆ. ಇನ್ನೊಂದು ಮಾತು: ಯಾರ ಮೇಲಾದರೂ ಅನುಮಾನವಿದ್ದರೆ ‘ಸಸ್ಪೆಕ್ಟ್’ ಎಂದಷ್ಟೇ ಬರೆಯಿರಿ, ‘ಕನ್ವಿಕ್ಟ್’ ಎಂಬುದು ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿದವರಿಗೆ ಮಾತ್ರ ಸಲ್ಲುವ ಪದ.

ಪ್ರಶ್ನೆ ಕೇಳಿದವರು:
‘ಥೆಫ್ಟ್’ ಎಂದೇ ಬರೆದು ಕಳುಹಿಸಿದೆ, ಧನ್ಯವಾದಗಳು.