ಜೆರಾರ್ಡ್ ಎಂದಾದರೂ ಲಿವರ್‌ಪೂಲ್ ಕೋಚ್ ಆಗಬಹುದಾ?

ಕಾಪ್_ಕನ್ನಡಿಗ (ಪ್ರಶ್ನೆ)

ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನಲ್ಲಿ ಕೋಚ್ ಕುರ್ಚಿ ಅಲ್ಲಾಡ್ತಿದೆ ಅನ್ನೋ ಗಾಳಿಸುದ್ದಿ ಎದ್ದಾಗಲೆಲ್ಲ ಅದರ ಹಳೇ ನಾಯಕ ಸ್ಟೀವನ್ ಜೆರಾರ್ಡ್ ಹೆಸರು ಬಂದೇ ಬರುತ್ತೆ. 710 ಪಂದ್ಯ, 186 ಗೋಲು, 2005ರ ಇಸ್ತಾನ್‌ಬುಲ್ ಚಾಂಪಿಯನ್ಸ್ ಲೀಗ್ ಫೈನಲ್, ಮರುವರ್ಷ ಎಫ್‌ಎ ಕಪ್ ಫೈನಲ್‌ನ ಕೊನೇ ಗಳಿಗೆಯಲ್ಲಿ ವೆಸ್ಟ್‌ಹ್ಯಾಮ್ ವಿರುದ್ಧ ದೂರದಿಂದ ಬಾರಿಸಿದ ಆ ಗೋಲು. ಆಟಗಾರನಾಗಿ ಅವರ ಬಗ್ಗೆ ಚರ್ಚೆಯೇ ಬೇಡ.

ಕೋಚ್ ಆಗಿ ಲೆಕ್ಕ ಬೇರೆ. ಸ್ಕಾಟ್ಲೆಂಡ್‌ನ ರೇಂಜರ್ಸ್‌ನಲ್ಲಿ ಲೀಗ್ ಗೆದ್ದರು, ಇಂಗ್ಲೆಂಡ್‌ನ ಆಸ್ಟನ್ ವಿಲ್ಲಾದಲ್ಲಿ ಕೈ ಸುಟ್ಟುಕೊಂಡರು, ಸೌದಿಯ ಅಲ್ ಇತ್ತಿಫಾಕ್‌ನಿಂದ 2025ರ ಜನವರಿಯಲ್ಲಿ ಹೊರಬಂದರು. ನಿಯಮದ ಪ್ರಕಾರ ಅವರಿಗೆ ಅಡ್ಡಿ ಏನಾದರೂ ಇದೆಯಾ? ವಿಲ್ಲಾದಲ್ಲಿ ಆಟದ ಮಟ್ಟದಲ್ಲಿ ನಿಜವಾಗಿ ಕೆಟ್ಟಿದ್ದೇನು? ಅಲ್ಲಿಂದ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ದಾರಿ ಉಳಿದಿದೆಯಾ? ಅಭಿಮಾನ ಪಕ್ಕಕ್ಕಿಟ್ಟು ಹೇಳಿ.

ಟಚ್‌ಲೈನ್_ಟಿಪ್ಪಣಿ

ಲೈಸೆನ್ಸ್ ವಿಷಯ ಮೊದಲು ಮುಗಿಸೋಣ, ಯಾಕಂದ್ರೆ ಜೆರಾರ್ಡ್‌ಗೆ ಅದು ಅಡ್ಡಿಯಲ್ಲ. ಪ್ರೀಮಿಯರ್ ಲೀಗ್‌ನ ಕಾಯಂ ಮ್ಯಾನೇಜರ್ ಬಳಿ ಯುರೋಪ್ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಪ್ರೊ ಲೈಸೆನ್ಸ್ ಇರಬೇಕು ಅಥವಾ ಅವರು ಆ ಕೋರ್ಸ್ ಓದುತ್ತಿರಬೇಕು. ವಿಲ್ಲಾದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕೂತವರು ಆ ಹೊಸ್ತಿಲು ದಾಟಿಯಾಗಿದೆ.

ನಿನ್ನೆ ಮೊನ್ನೆ ಬೂಟು ಕಳಚಿದವರಿಗೆ ಮಾತ್ರ ಇದು ದೊಡ್ಡ ಗೋಡೆ. ಸಿ, ಬಿ, ಎ, ಪ್ರೊ ಅಂತ ನಾಲ್ಕು ಹಂತ. ಕನಿಷ್ಠ 60, 120, 180 ಮತ್ತು 360 ಗಂಟೆಗಳ ಕಲಿಕೆ. ಎ ಹಂತ ಮುಗಿಸಿ ಒಂದು ವರ್ಷವಾದರೂ ತಂಡವೊಂದರ ಜೊತೆ ಕೆಲಸ ಮಾಡಿರಬೇಕು, ಆಮೇಲೆ ಪ್ರೊ. ಸಿಕ್ಕ ಲೈಸೆನ್ಸ್ ಮೂರು ವರ್ಷಕ್ಕೆ ಮಾತ್ರ, ನವೀಕರಿಸಲು 15 ಗಂಟೆ ಮರುತರಬೇತಿ. ಇದನ್ನು ಹಗುರವಾಗಿ ತಗೊಂಡರೆ ಏನಾಗುತ್ತೆ ಅನ್ನೋದಕ್ಕೆ ಜಿದಾನ್ ಉದಾಹರಣೆ ಸಾಕು. 2014ರಲ್ಲಿ ರಿಯಲ್ ಮ್ಯಾಡ್ರಿಡ್ ಅವರನ್ನು ತನ್ನ ಎರಡನೇ ತಂಡ ಕಾಸ್ತಿಯಕ್ಕೆ ನೇಮಿಸಿದಾಗ ಬೇಕಾದ ಲೈಸೆನ್ಸ್ ಇರಲಿಲ್ಲ. ಸ್ಪೇನ್ ಫುಟ್‌ಬಾಲ್ ಸಂಸ್ಥೆ ಮೂರು ತಿಂಗಳ ನಿಷೇಧ ಹೇರಿತು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ, ಆದರೆ ಜಿದಾನ್ 2015ರಲ್ಲಿ ಪ್ರೊ ಮುಗಿಸಿಯೇ 2016ರ ಜನವರಿಯಲ್ಲಿ ಮುಖ್ಯ ತಂಡಕ್ಕೆ ಬಂದರು. ಫ್ರಾನ್ಸ್‌ನ ರೀಮ್ಸ್ ಕ್ಲಬ್ ತನ್ನ ಕೋಚ್ ವಿಲ್ ಸ್ಟಿಲ್‌ಗೆ ಪ್ರೊ ಇಲ್ಲದ ಕಾರಣ ಒಂದೊಂದು ಪಂದ್ಯಕ್ಕೂ 25,000 ಯೂರೋ ದಂಡ ಕಟ್ಟಿತ್ತು.

ಜೆರಾರ್ಡ್ ಎದುರಿಗಿರುವ ಅಡ್ಡಿ ಲಿವರ್‌ಪೂಲ್ ಆಡಳಿತದ ರಚನೆ. 2024ರಲ್ಲಿ ಮ್ಯಾನೇಜರ್ ಕ್ಲಾಪ್ ಹೋದ ಮೇಲೆ ಆರ್ನೆ ಸ್ಲಾಟ್‌ಗೆ ಕೊಟ್ಟ ಹುದ್ದೆಯ ಹೆಸರು 'ಹೆಡ್ ಕೋಚ್', 'ಮ್ಯಾನೇಜರ್' ಅಲ್ಲ. ಆಟಗಾರರ ಖರೀದಿ, ಮಾರಾಟ, ಕರಾರು ಎಲ್ಲವೂ ಸ್ಪೋರ್ಟಿಂಗ್ ಡೈರೆಕ್ಟರ್ ರಿಚರ್ಡ್ ಹ್ಯೂಸ್ ಮತ್ತು ಅವರಿಗೂ ಮೇಲಿನ ಮೈಕಲ್ ಎಡ್ವರ್ಡ್ಸ್ ಕೈಗೆ ಬಂತು. ಕೋಚ್ ಅಭಿಪ್ರಾಯ ಕೇಳ್ತಾರೆ, ತೀರ್ಮಾನ ಒಬ್ಬರದ್ದೇ ಅಲ್ಲ. ಇಂಥ ವ್ಯವಸ್ಥೆ ಅಭ್ಯರ್ಥಿಯಲ್ಲಿ ನೋಡುವುದು ಬೇರೆ: ಈಗಿರುವ ಆಟಗಾರರಿಗೆ ಇವರ ಶೈಲಿ ಹೊಂದುತ್ತದಾ, ಹಿಂದಿನ ಕ್ಲಬ್‌ನಲ್ಲಿ ಯಾವ ಆಟಗಾರರು ಇವರ ಕೈಯಲ್ಲಿ ಬೆಳೆದರು, ಗಾಯಾಳುಗಳ ಪಟ್ಟಿ ಎಷ್ಟು ಉದ್ದ ಇತ್ತು. ಶಾಬಿ ಅಲೊನ್ಸೊ ಹೆಸರು ಆಗ ಜೋರಾಗಿ ಓಡಿದ್ದು ಲಿವರ್‌ಪೂಲ್‌ನ ಹಳೇ ಆಟಗಾರ ಅನ್ನೋದಕ್ಕಿಂತ ಹೆಚ್ಚಾಗಿ, ಆ ಸೀಸನ್‌ನಲ್ಲಿ ಅವರು ಕೋಚ್ ಆಗಿದ್ದ ಜರ್ಮನಿಯ ಲೆವರ್‌ಕೂಸನ್ 34 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದ ಕಾರಣಕ್ಕೆ.

ಹಾಫ್‌ಸ್ಪೇಸ್

ವಿಲ್ಲಾ ವಿಷಯ ನಾನು ಹೇಳ್ತೀನಿ. ಅದಕ್ಕೆ ಮೊದಲು ರೇಂಜರ್ಸ್ ಅರ್ಥ ಆಗಬೇಕು.

2020–21ರ ರೇಂಜರ್ಸ್: 38 ಪಂದ್ಯ, 32 ಗೆಲುವು, 6 ಡ್ರಾ, 102 ಅಂಕ, ಬಿಟ್ಟುಕೊಟ್ಟ ಗೋಲು ಬರೀ 13. ಸೆಲ್ಟಿಕ್ ಸತತ ಹತ್ತನೇ ಲೀಗ್ ಗೆಲ್ಲೋದನ್ನು ತಡೆದ ವರ್ಷ. ಕಾಗದದ ಮೇಲೆ ಆಟದ ವಿನ್ಯಾಸ 4-3-3, ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಚೆಂಡು ಕೈಗೆ ಬಂದ ಮೇಲೆ ಮುಂದಿನ ಮೂವರಲ್ಲಿ ಇಬ್ಬರು ಒಳಗೆ ಸರಿದು, ಎದುರಾಳಿಯ ಮಿಡ್‌ಫೀಲ್ಡ್ ಮತ್ತು ಡಿಫೆನ್ಸ್ ನಡುವಿನ ಸಂದಿಯಲ್ಲಿ ನಿಲ್ಲುತ್ತಿದ್ದರು. ಅಂಚುಗಳನ್ನು ಪೂರ್ತಿ ಫುಲ್‌ಬ್ಯಾಕ್‌ಗಳಿಗೆ (ಅಂಚಿನ ಡಿಫೆಂಡರ್‌ಗಳಿಗೆ) ಬಿಟ್ಟುಕೊಟ್ಟಿದ್ದರು: ಬಲಕ್ಕೆ ಟಾವರ್ನಿಯರ್, ಎಡಕ್ಕೆ ಬರಿಸಿಚ್. ಮಿಡ್‌ಫೀಲ್ಡ್‌ನ ಮೂವರಲ್ಲಿ ಇಬ್ಬರು ಫುಲ್‌ಬ್ಯಾಕ್‌ಗಳ ಹಿಂದಿನ ಖಾಲಿ ಜಾಗ ಕಾಯಬೇಕು. ಸ್ಕಾಟ್ಲೆಂಡ್‌ನಲ್ಲಿ ಇದು ನಡೆಯಿತು, ಯಾಕಂದರೆ ಅಲ್ಲಿ ಹೆಚ್ಚಿನ ತಂಡಗಳು ರೇಂಜರ್ಸ್ ಎದುರು ತಮ್ಮ ಗೋಲಿನ ಮುಂದೆಯೇ ಗುಂಪಾಗಿ ನಿಲ್ಲುತ್ತವೆ. ಫುಲ್‌ಬ್ಯಾಕ್ 70 ನಿಮಿಷ ಎದುರಾಳಿ ಅರ್ಧದಲ್ಲೇ ಇದ್ದರೂ ಹಿಂದೆ ಓಡೋರು ಕಡಿಮೆ.

ಅದೇ ಅಚ್ಚನ್ನು ವಿಲ್ಲಾಕ್ಕೆ ತಂದರು. ಬಲಕ್ಕೆ ಕ್ಯಾಶ್, ಎಡಕ್ಕೆ ಎವರ್ಟನ್‌ನಿಂದ ತಂದ ದೀನ್. ಒಳಗೆ ಕುಟಿನ್ಯೊ ಮತ್ತು ಬುಯೆಂದಿಯಾ. ತೊಂದರೆ ಶುರುವಾದದ್ದು ಇಲ್ಲಿ. ಪ್ರೀಮಿಯರ್ ಲೀಗ್‌ನಲ್ಲಿ ಎದುರಾಳಿಯ ವಿಂಗರ್ (ಅಂಚಿನ ದಾಳಿಗಾರ) ಹಿಂದೆ ಬಂದು ಕಾಯೋದಿಲ್ಲ, ಫುಲ್‌ಬ್ಯಾಕ್ ಮೇಲೆ ಹೋದ ತಕ್ಷಣ ಅವನ ಬೆನ್ನ ಹಿಂದೆ ನಿಲ್ಲುತ್ತಾನೆ. ಹಾಗಾಗಿ ಕ್ಯಾಶ್, ದೀನ್ ಹಿಂದೆಯೇ ಉಳಿಯಬೇಕಾಯಿತು. ಅವರು ಹಿಂದುಳಿದರೆ ಅಂಚಿನಲ್ಲಿ ವಿಲ್ಲಾ ಆಟಗಾರನೇ ಇಲ್ಲ. ದಾಳಿಯೆಲ್ಲ ನಡುವೆ ಸಿಕ್ಕಿಕೊಂಡು ಚೆಂಡು ಅಲ್ಲೇ ಕೈತಪ್ಪುತ್ತದೆ. ಕುಟಿನ್ಯೊ, ಬುಯೆಂದಿಯಾ ಇಬ್ಬರೂ ಬಯಸೋದು ಅದೇ ಜಾಗ, ಒಟ್ಟಿಗೆ ಆಡಿಸಿದರೆ ಒಬ್ಬರ ಕಾಲಡಿಗೆ ಒಬ್ಬರು. ಇನ್ನೊಂದು ಕಡೆ, ಫುಲ್‌ಬ್ಯಾಕ್ ಹಿಂದಿನ ಜಾಗ ಕಾಯಲು ಮಿಡ್‌ಫೀಲ್ಡರ್‌ಗಳು ಅಂಚಿಗೆ ಓಡಿದಾಗಲೆಲ್ಲ ನಟ್ಟನಡುವೆ ಬಯಲು.

ಫುಲಂ ಎದುರಿನ 3-0 ಸೋಲು ಕೊನೆಯದು, 2022ರ ಅಕ್ಟೋಬರ್ 20. ಡಗ್ಲಸ್ ಲೂಯಿಸ್‌ಗೆ ಕೆಂಪು ಕಾರ್ಡ್, ಮಿಂಗ್ಸ್‌ನಿಂದ ಸ್ವಂತ ಗೋಲು. ಅಂದೇ ರಾತ್ರಿ ವಜಾ. ಲೀಗ್‌ನಲ್ಲಿ 11 ಪಂದ್ಯಕ್ಕೆ 9 ಅಂಕ, ಒಟ್ಟು ಅವಧಿಯಲ್ಲಿ 40 ಪಂದ್ಯಕ್ಕೆ 13 ಗೆಲುವು. ಡಿಯೆಗೊ ಕಾರ್ಲೊಸ್, ಕಮಾರಾ ಗಾಯಗೊಂಡಿದ್ದು ನಿಜ. ಆದರೆ ಮುಂದಿನದನ್ನು ನೋಡಿ: ಉನೈ ಎಮೆರಿ ಬಂದು ಬಹುತೇಕ ಅದೇ ಆಟಗಾರರನ್ನು 4-4-2ರಲ್ಲಿ ನಿಲ್ಲಿಸಿ, 17ನೇ ಸ್ಥಾನದ ತಂಡವನ್ನು ಆ ಸೀಸನ್ನಿಗೇ 7ನೇ ಸ್ಥಾನಕ್ಕೆ ತಂದರು. ಜನವರಿಯಲ್ಲಿ ಬಂದವರು ಅಲೆಕ್ಸ್ ಮೊರೆನೊ, ಜಾನ್ ಡುರಾನ್ ಇಬ್ಬರೇ. ಲಿವರ್‌ಪೂಲ್‌ನ ಆಯ್ಕೆ ಸಮಿತಿಯಲ್ಲಿ ಯಾರೇ ಕೂತಿರಲಿ, ಮೊದಲು ತೆರೆಯೋದು ಇದೇ ಪುಟ.

ಒಂದು ಮಾತು ಸೇರಿಸಲೇಬೇಕು. ರೇಂಜರ್ಸ್‌ನಲ್ಲಿ ದಿನನಿತ್ಯದ ತರಬೇತಿ ರೂಪಿಸುತ್ತಿದ್ದವರು ಸಹಾಯಕ ಮೈಕಲ್ ಬೀಲ್. ಮೈದಾನದ ತರಬೇತಿಯಲ್ಲಿ ಬೀಲ್ ಮಟ್ಟ ಮುಟ್ಟಲು ತನಗೆ ಬಹಳ ವರ್ಷ ಬೇಕು ಅಂತ ಜೆರಾರ್ಡ್ ತಾವೇ ಹೇಳಿದ್ದರು. ವಿಲ್ಲಾಕ್ಕೂ ಜೊತೆಗೇ ಬಂದಿದ್ದ ಬೀಲ್ 2022ರ ಬೇಸಿಗೆಯಲ್ಲಿ ಲಂಡನ್‌ನ ಕ್ಯೂಪಿಆರ್ ಕ್ಲಬ್ ಮ್ಯಾನೇಜರ್ ಆಗಿ ಹೊರಟರು, ಅಕ್ಟೋಬರ್ ಹೊತ್ತಿಗೆ ಜೆರಾರ್ಡ್ ಕೆಲಸ ಹೋಯಿತು. ಬೀಲ್ ಇದ್ದಾಗಲೂ ವಿಲ್ಲಾ 14ನೇ ಸ್ಥಾನದಲ್ಲೇ ಮುಗಿಸಿತ್ತು, ಆದ್ದರಿಂದ ಎಲ್ಲವನ್ನೂ ಆ ಒಂದು ನಿರ್ಗಮನಕ್ಕೆ ಕಟ್ಟಲಾಗದು. ಆದರೆ ಆ ಜಾಗ ತುಂಬಲಿಲ್ಲ.

ಹಳೇ_ಆನ್‌ಫೀಲ್ಡ್

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಈ ಪ್ರಶ್ನೆಗೆ ಲಿವರ್‌ಪೂಲ್ ಕ್ಲಬ್ಬೇ ಎರಡು ಸಲ ಉತ್ತರ ಬರೆದಿಟ್ಟಿದೆ. ಅದನ್ನು ಯಾರೂ ಎತ್ತದಿರುವುದು ಆಶ್ಚರ್ಯ.

ಮೊದಲನೆಯದು ಕೆನ್ನಿ ಡಾಲ್‌ಗ್ಲಿಶ್. 1985ರಲ್ಲಿ ಜೋ ಫೇಗನ್ ನಿವೃತ್ತರಾದಾಗ 34ರ ಹರೆಯದಲ್ಲಿ ಆಟಗಾರ-ಮ್ಯಾನೇಜರ್ ಆದರು. ಮೊದಲ ಸೀಸನ್ನಿನಲ್ಲೇ ಲೀಗ್ ಮತ್ತು ಎಫ್‌ಎ ಕಪ್ ಎರಡೂ. ಲೀಗ್ ಖಾತ್ರಿಯಾದದ್ದು ಚೆಲ್ಸಿ ಮೈದಾನದಲ್ಲಿ ಅವರದೇ ಗೋಲಿನಿಂದ. ಅನುಭವವೇ ಇಲ್ಲದವರು ಹೇಗೆ ಗೆದ್ದರು? ಅವರ ಸುತ್ತ ಇದ್ದವರನ್ನು ನೋಡಿ. ಬಾಬ್ ಪೈಸ್ಲಿ ಸಲಹೆಗಾರರಾಗಿ ಕೂತಿದ್ದರು. ರಾನಿ ಮೊರನ್, ರಾಯ್ ಇವಾನ್ಸ್ ತರಬೇತಿ ನಡೆಸುತ್ತಿದ್ದರು. ವರ್ಷಗಳಿಂದ ನಡೆದುಬಂದ ಯಂತ್ರ ನಿಲ್ಲದೆ ಓಡುತ್ತಿತ್ತು, ಡಾಲ್‌ಗ್ಲಿಶ್ ಅದನ್ನು ಕೆಡಿಸಲಿಲ್ಲ.

ಎರಡನೆಯದು ಗ್ರೇಮ್ ಸೂನೆಸ್, ಇದೇ ಜೆರಾರ್ಡ್‌ಗೆ ಹತ್ತಿರದ ಹೋಲಿಕೆ. ಲಿವರ್‌ಪೂಲ್‌ನ ಹಳೇ ನಾಯಕ, ಮಿಡ್‌ಫೀಲ್ಡರ್, ರೇಂಜರ್ಸ್‌ನಲ್ಲಿ ಲೀಗ್ ಗೆದ್ದು 1991ರ ಏಪ್ರಿಲ್‌ನಲ್ಲಿ ಆನ್‌ಫೀಲ್ಡ್‌ಗೆ ಮರಳಿದವರು. ತಂಡಕ್ಕೆ ವಯಸ್ಸಾಗುತ್ತಿದೆ ಎಂಬ ಅವರ ಲೆಕ್ಕ ತಪ್ಪಲ್ಲ. ಬದಲಾವಣೆಯ ವೇಗ ತಪ್ಪಾಯಿತು. ಬಿಯರ್ಡ್ಸ್ಲಿ ಎವರ್ಟನ್‌ಗೆ ಹೋದರು, ಸ್ಟಾಂಟನ್, ಹೌಟನ್ ವಿಲ್ಲಾಕ್ಕೆ. ಡಾರ್ಬಿ ಕೌಂಟಿ ಕ್ಲಬ್‌ನಿಂದ ಡೀನ್ ಸಾಂಡರ್ಸ್, ಮಾರ್ಕ್ ರೈಟ್ ಬಂದರು. 1992ರ ಎಫ್‌ಎ ಕಪ್ ಸಿಕ್ಕಿತು, ಆದರೆ ಲೀಗ್‌ನಲ್ಲಿ ಎರಡು ವರ್ಷವೂ 6ನೇ ಸ್ಥಾನ. 1994ರ ಜನವರಿಯಲ್ಲಿ ಬ್ರಿಸ್ಟಲ್ ಸಿಟಿ ಎದುರು ಕಪ್ ಪಂದ್ಯ ಸೋತ ಮೇಲೆ ಹೊರಟರು. ಸ್ಕಾಟ್ಲೆಂಡ್‌ನ ಲೀಗ್ ಪದಕವನ್ನು ಆನ್‌ಫೀಲ್ಡ್‌ನ ಅರ್ಹತಾಪತ್ರವಾಗಿ ಒಮ್ಮೆ ಒಪ್ಪಿಕೊಂಡು ಕ್ಲಬ್ ಪೆಟ್ಟು ತಿಂದಿದೆ.

ಡಾಲ್‌ಗ್ಲಿಶ್ ಎರಡನೇ ಸಲವೂ ಬಂದರು, 2011ರ ಜನವರಿಯಲ್ಲಿ. ಮರುವರ್ಷ ಲೀಗ್ ಕಪ್ ಗೆದ್ದರು, ಎಫ್‌ಎ ಕಪ್ ಫೈನಲ್ ತಲುಪಿದರು, ಲೀಗ್‌ನಲ್ಲಿ 8ನೇ ಸ್ಥಾನ. ಈಗಿನ ಮಾಲೀಕರಾದ ಫೆನ್‌ವೇ ಗುಂಪು ಆ ಮೇ ತಿಂಗಳಲ್ಲೇ ತೆಗೆಯಿತು. ಡಾಲ್‌ಗ್ಲಿಶ್‌ಗೇ ಸಿಗದ ರಿಯಾಯಿತಿ ಜೆರಾರ್ಡ್‌ಗೆ ಸಿಗುತ್ತೆ ಅಂತ ನನಗನಿಸುವುದಿಲ್ಲ.

ಕಾಪ್_ಕನ್ನಡಿಗ

ಸೂನೆಸ್ ಹೋಲಿಕೆ ಹೊಳೆದಿರಲಿಲ್ಲ, ಧನ್ಯವಾದ ಸರ್. ಹಾಗಾದರೆ ಸೀಸನ್ ನಡುವೆ ಕುರ್ಚಿ ಖಾಲಿಯಾದರೆ ಹಂಗಾಮಿಯಾಗಿ ಕರೆದು, ಗೆದ್ದರೆ ಕಾಯಂ ಮಾಡೋದು? ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಹಳೇ ಆಟಗಾರ ಸೋಲ್‌ಶಾಯರ್‌ಗೆ ಮಾಡಿದ ಹಾಗೆ?

ಆಸ್ಟಿನ್‌ಟೌನ್_11

ಬೇಡ ಗುರು, ಆ ದಾರಿ ಮಾತ್ರ ಬೇಡ. ಹಂಗಾಮಿ ಅಂದ್ರೆ ಬೇರೆಯವರು ಕಟ್ಟಿದ ತಂಡ, ತಯಾರಿ ಇಲ್ಲ, ಮೂರು ದಿನಕ್ಕೊಂದು ಪಂದ್ಯ. ಹೊಸ ಆಟ ಕಲಿಸೋಕೆ ತರಬೇತಿ ದಿನಗಳೇ ಸಿಗಲ್ಲ. 2009ರಲ್ಲಿ ನ್ಯೂಕಾಸಲ್ ತನ್ನ ದೊಡ್ಡ ಹೀರೋ ಶಿಯರರ್‌ನ ಕೊನೇ 8 ಪಂದ್ಯಕ್ಕೆ ಕೂರಿಸಿತು: 1 ಗೆಲುವು, 2 ಡ್ರಾ, 5 ಸೋಲು, ತಂಡ ಕೆಳ ದರ್ಜೆಗೆ. ಶಿಯರರ್ ಆಮೇಲೆ ಎಲ್ಲೂ ಮ್ಯಾನೇಜರ್ ಆಗಲೇ ಇಲ್ಲ. 2023ರಲ್ಲಿ ಚೆಲ್ಸಿ ಲ್ಯಾಂಪಾರ್ಡ್‌ನ ಮತ್ತೆ ಕರೆಸಿತು, 11 ಪಂದ್ಯದಲ್ಲಿ 1 ಗೆಲುವು. ಸೋಲ್‌ಶಾಯರ್ ಹಂಗಾಮಿಯಾಗಿ ಮೊದಲ 8 ಪಂದ್ಯ ಗೆದ್ದರು, ಸರಿ. 2019ರ ಮಾರ್ಚ್ 28ಕ್ಕೆ ಕಾಯಂ ಮಾಡಿದ ಮೇಲೆ ಉಳಿದ 8 ಲೀಗ್ ಪಂದ್ಯದಲ್ಲಿ ಗೆದ್ದಿದ್ದು 2. ಯುನೈಟೆಡ್ ಸೀಸನ್ ಮುಗಿಯೋವರೆಗೆ ಕಾಯಬಹುದಿತ್ತು.

ಪಿರ್ಲೋದು ಇನ್ನೊಂದು ಥರ. 2020ರ ಜುಲೈ ಕೊನೆಗೆ ಇಟಲಿಯ ಯುವೆಂಟಸ್‌ನ 23ರೊಳಗಿನ ತಂಡಕ್ಕೆ ನೇಮಕ, ಒಂಬತ್ತು ದಿನಕ್ಕೆ ಮುಖ್ಯ ಕೋಚ್ ಮೌರಿಸಿಯೊ ಸಾರಿ ವಜಾ, ಪಿರ್ಲೋ ಮುಖ್ಯ ತಂಡಕ್ಕೆ. ಒಂದೂ ಪಂದ್ಯಕ್ಕೆ ಕೋಚ್ ಆಗಿರಲಿಲ್ಲ. ಇಟಾಲಿಯನ್ ಕಪ್ ಬಂತು, ಒಂಬತ್ತು ವರ್ಷದ ಲೀಗ್ ಸರಣಿ ಮುರಿದು ತಂಡ 4ನೇ ಸ್ಥಾನಕ್ಕೆ ಹೋಯ್ತು, ಮೇ ತಿಂಗಳಲ್ಲಿ ಮನೆಗೆ.

ಗೆದ್ದವರ ದಾರಿ ನೋಡಿ. ಗ್ವಾರ್ಡಿಯೋಲಾ ಬಾರ್ಸಾ ಬಿ ತಂಡವನ್ನು ನಾಲ್ಕನೇ ದರ್ಜೆಯಲ್ಲಿ ಒಂದು ಪೂರ್ತಿ ಸೀಸನ್ ಆಡಿಸಿ ಮೇಲಕ್ಕೇರಿಸಿದರು. ಜಿದಾನ್ ಒಂದು ವರ್ಷ ಆಂಚಲೋಟಿ ಪಕ್ಕ ಕೂತು, ಆಮೇಲೆ ಕಾಸ್ತಿಯ. ಆರ್ಟೆಟಾ ಮೂರೂವರೆ ವರ್ಷ ಗ್ವಾರ್ಡಿಯೋಲಾ ಸಹಾಯಕ, ನಂತರ ಆರ್ಸೆನಲ್. ನಮ್ಮ ಬೆಂಗಳೂರು ಎಫ್‌ಸಿಯಲ್ಲೂ ಹಾಗೇ. ಕ್ವಾಡ್ರಾಟ್ ಅಲ್ಲಿ ಆಡಿದವರಲ್ಲ, ಆದರೆ ಕೋಚ್ ರೋಕಾ ಅವರ ಸಹಾಯಕರಾಗಿ ಆಟಗಾರರನ್ನೆಲ್ಲ ಅರಿತಿದ್ದರು. 2018ರಲ್ಲಿ ಮುಖ್ಯ ಕೋಚ್ ಆಗಿ ಆ ಸೀಸನ್ನೇ ಐಎಸ್‌ಎಲ್ ಗೆದ್ದರು. ಛೆಟ್ರಿನ ಮುಂದೆ ಕೋಚ್ ಮಾಡಿ ಅಂತ ಕಂಠೀರವದಲ್ಲಿ ಕೂಗೋರಿಗೂ ನಾನು ಹೇಳೋದು ಇದೇ: ಲೈಸೆನ್ಸ್ ಮುಗಿಸಲಿ, ಎರಡು ವರ್ಷ ಸಹಾಯಕರ ಬೆಂಚಲ್ಲಿ ಕೂರಲಿ.

ಜೆರಾರ್ಡ್ ಕೂಡ 2017ರಲ್ಲಿ ಲಿವರ್‌ಪೂಲ್‌ನ 18ರೊಳಗಿನ ತಂಡದಿಂದ ಸರಿಯಾಗೇ ಶುರು ಮಾಡಿದ್ದರು. ಅಲ್ಲಿದ್ದಿದ್ದು ಒಂದೇ ಸೀಸನ್.

ಹಾಫ್‌ಸ್ಪೇಸ್

ಪೂರ್ತಿ ಮುಚ್ಚಿದ ಬಾಗಿಲು ಅಂತ ನಾನು ಹೇಳಲ್ಲ. 2025ರ ಅಕ್ಟೋಬರ್‌ನಲ್ಲಿ ರೇಂಜರ್ಸ್ ಜೊತೆ ಮಾತುಕತೆ ನಡೆದು ಮುರಿದುಬಿತ್ತು. ರೇಂಜರ್ಸ್ ಅಂಥ ಕ್ಲಬ್‌ನಲ್ಲಿ ಎಂಟು ವಾರ ಸೋತರೂ ಅಭಿಮಾನಿಗಳು ಜೆರಾರ್ಡ್‌ನ ಸಹಿಸುತ್ತಾರೆ, ಆ ಲೀಗ್ ಗೆಲುವಿನ ಋಣ ಅಷ್ಟು ಉಳಿದಿದೆ. ಆದರೆ ಅಲ್ಲಿ ಮತ್ತೆ ಗೆದ್ದರೂ ಲಿವರ್‌ಪೂಲ್‌ಗೆ ಹೊಸದೇನೂ ತಿಳಿಯಲ್ಲ. ನನ್ನ ಪ್ರಕಾರ ಬೇಕಾಗಿರೋದು ಇಂಗ್ಲೆಂಡ್‌ನ ಎರಡನೇ ದರ್ಜೆಯ ಕ್ಲಬ್ಬೋ ಜರ್ಮನಿಯ ಮಧ್ಯಮ ಕ್ಲಬ್ಬೋ, ಎರಡು ಪೂರ್ತಿ ಸೀಸನ್. ಲ್ಯಾಂಪಾರ್ಡ್ 2024ರ ನವೆಂಬರ್‌ನಲ್ಲಿ ಕಾವೆಂಟ್ರಿಗೆ ಹೋದದ್ದು ಇದೇ ಲೆಕ್ಕ, ಮೊದಲ ಸೀಸನ್ನಿಗೇ ಮೇಲಿನ ದರ್ಜೆಗೆ ಏರಲು ಆಡುವ ಪ್ಲೇಆಫ್ ತಲುಪಿದರು.

ಜೆರಾರ್ಡ್ ಮುಂದೆ ಎಲ್ಲೇ ಹೋಗಲಿ, ಅಂಕಪಟ್ಟಿಗಿಂತ ಮೊದಲು ಮೂರು ವಿಷಯ ಗಮನಿಸಿ. ತರಬೇತಿ ನಡೆಸುವ ಸಹಾಯಕ ಯಾರು, ಅವರ ಕರಾರು ಜೆರಾರ್ಡ್‌ರಷ್ಟೇ ಉದ್ದ ಇದೆಯಾ. ಎರಡನೆಯದು, ಅಂಚಿನಲ್ಲೇ ನಿಲ್ಲುವ ವಿಂಗರ್ ಒಬ್ಬರನ್ನಾದರೂ ಆಡಿಸುತ್ತಾರಾ, ಇಲ್ಲ ಮತ್ತೆ ಕುಟಿನ್ಯೊ, ಬುಯೆಂದಿಯಾ ಥರದ ಇಬ್ಬರು ಹತ್ತನೇ ನಂಬರ್ ಆಟಗಾರರನ್ನು ನಡುವೆ ತುರುಕುತ್ತಾರಾ. ಕೊನೆಯದು, ಚೆಂಡು ಕಳೆದುಕೊಂಡ ಕ್ಷಣದಲ್ಲಿ ಸೆಂಟರ್‌ಬ್ಯಾಕ್‌ಗಳ (ನಡುವಿನ ಡಿಫೆಂಡರ್‌ಗಳ) ಮುಂದೆ ಎಷ್ಟು ಜನ ಇರುತ್ತಾರೆ. ವಿಲ್ಲಾದಲ್ಲಿ ಎಷ್ಟೋ ಸಲ ಅಲ್ಲಿ ಒಬ್ಬನೇ ಇರುತ್ತಿದ್ದ. ಇಬ್ಬರು ಇದ್ದರೆ ಏನೋ ಕಲಿತು ಬಂದಿದ್ದಾರೆ ಅಂತ ಲೆಕ್ಕ.