ಕಣ್ಣಿಗೆ ಸುಣ್ಣ ಬಿದ್ದವರಿಗೆ ಕೃತಕ ಕಾರ್ನಿಯಾ: ಡಾಕ್ಟ್ರ ಜತೆ ಪ್ರಶ್ನೋತ್ತರ

ಅಡ್ಮಿನ್, ಬದಿಯಡ್ಕ: ಕಣ್ಣಿನ ಡಾಕ್ಟ್ರು 7ರಿಂದ 8ರ ತನಕ ನಮ್ಮ ಅಡಿಕೆ ಗ್ರೂಪಲ್ಲಿ ಇರುತ್ತಾರೆ. ಕೇಳುವವರು ಕೇಳಿ. ಫಾರ್ವರ್ಡ್ ಬೇಡ.

ಗಣೇಶ, ಪೆರ್ಲ: ಡಾಕ್ಟ್ರೇ, ನನ್ನ ಬಾವನಿಗೆ 38 ವರ್ಷ. ಅಡಿಕೆಯ ಕೊಳೆರೋಗದ ಮದ್ದಿಗೆ ಸುಣ್ಣ ನೀರು ಮಾಡುವಾಗ ಡ್ರಮ್ಮಿನಿಂದ ಸಿಡಿದು ಎರಡೂ ಕಣ್ಣಿಗೆ ಬಿತ್ತು. ಕಪ್ಪುಗುಡ್ಡೆ ಬೆಳ್ಳಗಾಗಿದೆ. ಬಲಗಣ್ಣಿಗೆ ಎರಡು ಸಲ ದಾನದ ಕಾರ್ನಿಯಾ ಹಾಕಿದರು, ಎರಡು ಸಲವೂ ಮಸುಕಾಯಿತು. ಕೃತಕ ಕಾರ್ನಿಯಾ ಹಾಕಿದರೆ ಕಾಣಬಹುದಾ?

ಡಾಕ್ಟ್ರು: ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಬೆಳಕು ಯಾವ ಕಡೆಯಿಂದ ಬಂತು ಅಂತ ಹೇಳುತ್ತಾರಾ?

ರಮೇಶ, ಕುಂಬಳೆ: ಅಮ್ಮನಿಗೆ ಪೊರೆ ಬಂದಿದೆ. ಇದನ್ನೇ ಹಾಕಬಹುದಾ?

ಡಾಕ್ಟ್ರು: ಪೊರೆಗೆ ಹಾಕುವುದು ಲೆನ್ಸ್. ಕಾರ್ನಿಯಾ ಬೇರೆ, ಅದು ಕಪ್ಪುಗುಡ್ಡೆಯ ಮುಂದಿನ ತಿಳಿ ಪದರ.

ಗಣೇಶ: ಈಗಷ್ಟೇ ನೋಡಿದೆ. ಬಲಗಣ್ಣಲ್ಲಿ ಸರಿಯಾಗಿ ಹೇಳಿದರು. ಎಡಗಣ್ಣಲ್ಲಿ ಏನೂ ಇಲ್ಲ.

ಡಾಕ್ಟ್ರು: ಎಡಗಣ್ಣಿಗೆ ಏನು ಹಾಕಿಯೂ ಪ್ರಯೋಜನ ಇಲ್ಲ. ಬಲಗಣ್ಣಿನ ವಿಷಯ ಹೇಳುತ್ತೇನೆ. ಸುಣ್ಣ ಕಣ್ಣಿನ ಪದರದ ಕೊಬ್ಬನ್ನು ಸಾಬೂನು ಮಾಡಿಕೊಂಡು ಒಳಗೆ ಇಳಿಯುತ್ತದೆ. ಕಪ್ಪುಗುಡ್ಡೆಯ ಅಂಚಿನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಹೊಸದು ಮಾಡುತ್ತಾ ಇರುವ ಸ್ಟೆಮ್ ಸೆಲ್ ಇರುತ್ತವೆ. ಅವು ಸತ್ತರೆ ದಾನದ ಕಾರ್ನಿಯಾ ಎಷ್ಟು ಒಳ್ಳೆಯದಿದ್ದರೂ ಉಳಿಯುವುದಿಲ್ಲ. ಒಂದು ಕಣ್ಣು ಸರಿ ಇದ್ದಿದ್ದರೆ ಅದರ ಅಂಚಿನ ಚೂರು ತೆಗೆದು ಇದಕ್ಕೆ ನೆಡಬಹುದಿತ್ತು. ಎರಡೂ ಹೋದವರಿಗೇ ಕೃತಕ ಕಾರ್ನಿಯಾ.

ಜಾಸ್ತಿ ಹಾಕುವುದು ಬೋಸ್ಟನ್ ಮಾದರಿ. ಮಧುರೈಯ ಅರೋಲ್ಯಾಬ್ ಅದೇ ಥರದ್ದು ಮಾಡುತ್ತದೆ. ಅಂಗಿಯ ಪ್ರೆಸ್ ಬಟನ್ ಇದ್ದ ಹಾಗೆ: ಮುಂದೆ ಸ್ಪಷ್ಟ ಪ್ಲಾಸ್ಟಿಕ್, ಹಿಂದೆ ತೂತಿನ ತಟ್ಟೆ, ನಡುವೆ ದಾನದ ಕಾರ್ನಿಯಾ. ಹೌದು, ಇದಕ್ಕೂ ದಾನಿ ಬೇಕು. ಕಣ್ಣಲ್ಲಿ ನೀರು ಬರಬೇಕು, ರೆಪ್ಪೆ ಮುಚ್ಚಬೇಕು. ಪೂರ್ತಿ ಒಣಗಿದ್ದರೆ ಅವರದ್ದೇ ಕೋರೆಹಲ್ಲನ್ನು ಎಲುಬಿನ ಸಮೇತ ತೆಗೆದು, ತೂತು ಕೊರೆದು ಲೆನ್ಸ್ ಕೂರಿಸಿ, ಕೆಲವು ತಿಂಗಳು ಕೆನ್ನೆಯೊಳಗೆ ಇಟ್ಟು, ಆಮೇಲೆ ಕಣ್ಣಿಗೆ ಹಾಕುತ್ತಾರೆ. ತಮಾಷೆ ಅಲ್ಲ. ಇಟಲಿಯಲ್ಲಿ 1960ರ ದಶಕದಲ್ಲೇ ಶುರುವಾದದ್ದು.

ನನಗೆ ಹೆದರಿಕೆ ಇರುವುದು ಆಮೇಲಿನ ದಿನಗಳದ್ದು. ಆಂಟಿಬಯೋಟಿಕ್ ಡ್ರಾಪ್ಸ್ ಬದುಕಿರುವ ತನಕ ದಿನಾ ಬಿಡಬೇಕು. ಮೇಲೊಂದು ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಇರಬೇಕು. ಸುಣ್ಣ ಬಿದ್ದ ಕಣ್ಣಲ್ಲಿ ಒತ್ತಡ ಏರುವುದು ಮಾಮೂಲು. ಇದು ಹಾಕಿದ ಮೇಲೆ ಅದನ್ನು ಯಂತ್ರದಲ್ಲಿ ಸರಿಯಾಗಿ ಅಳೆಯಲು ಆಗುವುದಿಲ್ಲ, ರೆಪ್ಪೆಯ ಮೇಲೆ ಬೆರಳಿಟ್ಟು ಅಂದಾಜು ಮಾಡುತ್ತೇವೆ. ಒತ್ತಡಕ್ಕೆ ಕಣ್ಣಿನ ನರ ಹೋದರೆ ಬಂದ ದೃಷ್ಟಿಯೂ ಹೋಯಿತು. ಮನೆಯಲ್ಲಿ ನೋಡಿಕೊಳ್ಳುವವರು ಯಾರು?

ಗಣೇಶ: ಅಕ್ಕ ಒಬ್ಬಳೇ. ತೋಟವೂ ಅವಳದ್ದೇ ತಲೆ ಮೇಲೆ.

ಸುಬ್ಬಣ್ಣ, ಎಣ್ಮಕಜೆ: ಬಂದದ್ದು ಹಾಕಿದ್ದೇನೆ. "ನಂದಿಬಟ್ಟಲ ಹೂವಿನ ರಸ, ಜೇನು ಸೇರಿಸಿ 48 ದಿನ ಬಿಟ್ಟರೆ ಬಿಳಿ ಕಣ್ಣು ತಿಳಿಯಾಗುತ್ತದೆ. 10 ಜನರಿಗೆ ಕಳಿಸಿ."

ಡಾಕ್ಟ್ರು: ಕಳಿಸಬೇಡಿ. ಕಣ್ಣಿಗಂತೂ ಬಿಡಲೇಬೇಡಿ. ಹಸಿ ರಸದ ಜತೆ ಫಂಗಸ್ ಒಳಗೆ ಹೋಗುತ್ತದೆ. ಸುಣ್ಣ ಬಿದ್ದರೆ ಅಲ್ಲೇ ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಹರಿಸಿ, ಆಮೇಲೆ ಜೀಪು ಹುಡುಕಿ. ಮೊಲೆಹಾಲು, ಎಣ್ಣೆ, ತುಪ್ಪ ಯಾವುದೂ ಬೇಡ.

ಸುಬ್ಬಣ್ಣ: ನಮ್ಮ ಅಜ್ಜಿ ಬಿಡುತ್ತಿದ್ದರು. 90ರಲ್ಲೂ ಸೂಜಿಗೆ ನೂಲು ಹಾಕುತ್ತಿದ್ದರು.

ಡಾಕ್ಟ್ರು: ಅಜ್ಜಿಯ ಕಣ್ಣಿಗೆ ಸುಣ್ಣ ಬಿದ್ದಿತ್ತಾ?

ಶಾರದಾ, ಮುಳ್ಳೇರಿಯ: ಡ್ರಾಪ್ಸಿನ ಚೀಟಿ ಮಲಯಾಳದಲ್ಲಿ ಬರೆದುಕೊಟ್ಟರೆ ನಾವು ಏನು ಮಾಡುವುದು? ನಾಲ್ಕು ಸಲ ಬಿಡಬೇಕಾದ್ದನ್ನು ಅತ್ತೆ ಒಂದೇ ಸಲ ಬಿಟ್ಟಿದ್ದಾರೆ.

ರಮೇಶ: ಕೇರಳದಲ್ಲಿದ್ದು ಮಲಯಾಳ ಕಲಿಯಲಿಕ್ಕೆ ಏನು ಕಷ್ಟ?

ಶಾರದಾ: 78ರ ಅತ್ತೆಯನ್ನು ಶಾಲೆಗೆ ಸೇರಿಸಬೇಕಾ?

ಸುಬ್ಬಣ್ಣ: ಅದಕ್ಕೇ ನಾವು ಮಂಗಳೂರಿಗೆ ಹೋಗುವುದು.

ರಮೇಶ: 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಹೋದಿರಾ?

ನವೀನ, ಮಂಜೇಶ್ವರ: ಕನ್ನಡಕ ತೆಗೆಯುವ ಲೇಸರಿಗೆ ಎಷ್ಟಾಗುತ್ತದೆ?

ಅಡ್ಮಿನ್: ರಮೇಶಣ್ಣ, ಸುಮ್ನೆ ಇರಿ ಮಾರಾಯ್ರೆ.

ಉಮೇಶ, ಉಪ್ಪಳ: ಪೊರೆಗೆ ಕೃತಕ ಕಾರ್ನಿಯಾ ಹಾಕುತ್ತಾರಾ?

ಡಾಕ್ಟ್ರು: ಮೇಲೆ ನೋಡಿ.

ಉಮೇಶ: ಮೇಲೆ ಬರೀ ಜಗಳವೇ ಇದೆಯಲ್ಲ.

ಡಾಕ್ಟ್ರು: ಗಣೇಶರೇ, ಹಳೇ ಆಪರೇಷನ್ ಕಾಗದ ಎಲ್ಲ ಹಿಡಿದು ಶನಿವಾರ ಬನ್ನಿ. ಅಕ್ಕನೂ ಬರಲಿ. ನಾನು ಮೊದಲು ಮಾತಾಡಬೇಕಾದದ್ದು ಅವರ ಹತ್ತಿರ.

ಗಣೇಶ: ಶನಿವಾರ ತೋಟಕ್ಕೆ ಮದ್ದು ಬಿಡುವ ಜನ ಬರುತ್ತಾರೆ. ಬೆಳಗ್ಗೆ ಬೇಗ ಆಗಬಹುದಾ?

ಡಾಕ್ಟ್ರು: 8ಕ್ಕೆ ಬನ್ನಿ. ಸುಣ್ಣ ಕಲಸುವವನಿಗೆ ಕಣ್ಣು ಮುಚ್ಚುವ ಕನ್ನಡಕ ಕೊಟ್ಟು ಬನ್ನಿ.