ಆಸ್ಪತ್ರೆ ಕೆಲಸದ ಜೊತೆ ಪಾರ್ಟ್‌ಟೈಮ್ ಡಾಕ್ಟರೇಟ್: ಮಾಡಿದವರು, ಬಿಟ್ಟವರು, ಎಲ್ಲರೂ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿವಮೊಗ್ಗದ ಕಡೆ. ಈಗ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ನರ್ಸ್, ಸಂಬಳದ ಶ್ರೇಣಿ ಬ್ಯಾಂಡ್ 7, ವಯಸ್ಸಾದವರ ವಾರ್ಡ್. ಮಾಸ್ಟರ್ಸ್ ಆಗಿದೆ. ಮುಂದೆ ಪ್ರೊಫೆಷನಲ್ ಡಾಕ್ಟರೇಟ್ ಪಾರ್ಟ್‌ಟೈಮ್ ಮಾಡಬೇಕು ಅಂತ ಆಸೆ. ವಿಷಯ ವಯಸ್ಸಾದವರ ಆರೈಕೆ. ಮ್ಯಾನೇಜರ್ ಹತ್ತಿರ ಹೇಳಿದೆ. "ಒಳ್ಳೇದು, ಮಾಡಿ" ಅಂದರು, ಅಷ್ಟೇ. ಮನೆಯಲ್ಲಿ ಇಬ್ಬರು ಮಕ್ಕಳು. ಸ್ಕಿಲ್ಡ್ ವರ್ಕರ್ ವೀಸಾ. ಪಿಎಚ್‌ಡಿಗೂ ಇದಕ್ಕೂ ಏನು ವ್ಯತ್ಯಾಸ? ದುಡ್ಡು, ಸಮಯ ಎಲ್ಲಿಂದ ಹೊಂದಿಸಿದಿರಿ? ಮಾಡಿದ ಮೇಲೆ ಏನಾದರೂ ಉಪಯೋಗ ಆಯಿತಾ?

ಲೆಸ್ಟರ್, ಸ್ಟ್ರೋಕ್ ವಾರ್ಡ್ ನರ್ಸ್

ಅಕ್ಕ, ನಾನು ಕೆಲಸ ಮಾಡಿಕೊಂಡೇ ಮುಗಿಸಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಹಿಡ್ಕೊಂಡು ಓದಿ.

ಇಲ್ಲಿ ಎರಡೂ ಲೆವೆಲ್ 8, ಅಂದರೆ ಅತಿ ಮೇಲಿನ ಹಂತದ ಡಿಗ್ರಿ. ಒಂದು ಮೇಲು, ಒಂದು ಕೀಳು ಅಂತಿಲ್ಲ. ಪಿಎಚ್‌ಡಿಯಲ್ಲಿ ಮೊದಲ ದಿನದಿಂದಲೇ ನೀವು, ನಿಮ್ಮ ಗೈಡ್, ನಿಮ್ಮ ವಿಷಯ. ಪ್ರೊಫೆಷನಲ್ ಡಾಕ್ಟರೇಟ್‌ನಲ್ಲಿ ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷ ಪಾಠ, ಅಸೈನ್‌ಮೆಂಟ್ ಇರುತ್ತವೆ. ಒಂದು ಬ್ಯಾಚ್ ಇರುತ್ತದೆ. ನಮ್ಮದರಲ್ಲಿ ಪ್ಯಾರಾಮೆಡಿಕ್, ಮಿಡ್‌ವೈಫ್, ಫಾರ್ಮಸಿಸ್ಟ್ ಎಲ್ಲರೂ ಇದ್ದರು. ಕಷ್ಟ ಹೇಳಿಕೊಳ್ಳಲು ಆ ಜನ ಬೇಕೇ ಬೇಕು. ಆಮೇಲೆ ಥೀಸಿಸ್. ಪಿಎಚ್‌ಡಿಯದಕ್ಕಿಂತ ಸಾಮಾನ್ಯವಾಗಿ ಚಿಕ್ಕದು. ಹಾಗಂತ ಸುಲಭ ಅಂದುಕೊಳ್ಳಬೇಡಿ, ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆ) ಯಾರೂ ರಿಯಾಯಿತಿ ಕೊಡಲ್ಲ. ಪಾರ್ಟ್‌ಟೈಮ್ ಅಂದರೆ ನಾಲ್ಕರಿಂದ ಏಳು ವರ್ಷ ಅಂತ ಇಟ್ಟುಕೊಳ್ಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಪ್ರಶ್ನೆ ನಿಮ್ಮ ಶಿಫ್ಟಿನ ಒಳಗಿಂದ ಹುಟ್ಟಬೇಕು. "ವಯಸ್ಸಾದವರ ಆರೈಕೆ" ಅನ್ನುವುದು ಇಡೀ ಡಿಪಾರ್ಟ್‌ಮೆಂಟಿನ ಹೆಸರು, ಅದನ್ನು ಹಿಡಿದುಕೊಂಡು ಥೀಸಿಸ್ ಬರೆಯಲಾಗಲ್ಲ. ನನ್ನದು ಹೇಳುತ್ತೇನೆ. ಸ್ಟ್ರೋಕ್ ಆಗಿ ಬಂದವರಿಗೆ ನಾಲ್ಕು ಗಂಟೆಯೊಳಗೆ ನುಂಗುವ ಪರೀಕ್ಷೆ ಆಗಬೇಕು ಅಂತ ಇಲ್ಲಿನ ಗೈಡ್‌ಲೈನ್. ಅದು ಆಗುವವರೆಗೆ ಬಾಯಿಗೆ ಏನೂ ಕೊಡುವಂತಿಲ್ಲ, ನೀರೂ ಇಲ್ಲ, ಮಾತ್ರೆಯೂ ಇಲ್ಲ. ನುಂಗಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನಮ್ಮಲ್ಲಿ ಹಗಲು ಹೊತ್ತು ಸರಿಯಾಗಿ ಆಗುತ್ತಿತ್ತು, ರಾತ್ರಿ ತಡವಾಗುತ್ತಿತ್ತು. ತರಬೇತಿ ಆದ ನರ್ಸ್ ವಾರ್ಡಿನಲ್ಲೇ ಇದ್ದರೂ ತಡ. ಯಾಕೆ? ನನ್ನ ಥೀಸಿಸ್ ಅಂದರೆ ಆ ಒಂದು "ಯಾಕೆ". ರಾತ್ರಿ ಪಾಳಿಯ ನರ್ಸ್‌ಗಳನ್ನು ಮಾತಾಡಿಸಿದೆ. ಪರೀಕ್ಷೆ ಮಾಡೋದು ಗೊತ್ತು, ಆದರೆ ರೋಗಿ ಫೇಲ್ ಆದರೆ ಮೂಗಿನ ಟ್ಯೂಬ್ ಹಾಕಲು, ಎಕ್ಸ್‌ರೇ ನೋಡಲು ಆ ಹೊತ್ತಿಗೆ ಯಾರನ್ನು ಕರೆಯೋದು ಅಂತ ಗೊತ್ತಿಲ್ಲ. ಹಾಗಾಗಿ ಬೆಳಗಿನವರೆಗೆ ತಳ್ಳುವುದು. ಇದು ಪುಸ್ತಕ ಓದಿ ಸಿಗುವ ಉತ್ತರ ಅಲ್ಲ ಅಲ್ವಾ?

ಸಮಯದ ವಿಚಾರ. "ಮಕ್ಕಳು ಮಲಗಿದ ಮೇಲೆ ಓದ್ತೀನಿ" ಅನ್ನುವುದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಲಾಂಗ್ ಡೇ ಮುಗಿಸಿ ಬಂದವರಿಗೆ ಕಣ್ಣು ಬಿಡುವುದೇ ಕಷ್ಟ. ನಿಮ್ಮ ಮ್ಯಾನೇಜರ್ "ಮಾಡಿ" ಅಂದದ್ದು ಒಪ್ಪಿಗೆ ಅಲ್ಲ, ಶುಭಾಶಯ. ಅರ್ಜಿ ಹಾಕುವ ಮೊದಲೇ ಕಾಗದದ ಮೇಲೆ ತಗೊಳ್ಳಿ. ವಾರಕ್ಕೆ ಎಷ್ಟು ಗಂಟೆ ಸ್ಟಡಿ ಲೀವ್, ರೋಟಾದಲ್ಲಿ (ಪಾಳಿ ಪಟ್ಟಿ) ಯಾವ ದಿನ, ಜನ ಕಮ್ಮಿ ಇದ್ದಾಗ ಆ ದಿನ ಹಾರಿಹೋಗುತ್ತದಾ, ಫೀಸಿನಲ್ಲಿ ಆಸ್ಪತ್ರೆಯ ಪಾಲೆಷ್ಟು, ಮಧ್ಯೆ ಕೆಲಸ ಬಿಟ್ಟರೆ ಅದನ್ನು ವಾಪಸ್ ಕಟ್ಟಬೇಕಾ. ನನ್ನ ಕಾಲಕ್ಕೆ ಮ್ಯಾನೇಜರ್ ಬದಲಾದರು. ಹೊಸಬರು ಕೇಳಿದ ಮೊದಲ ಮಾತು, "ಇದು ಎಲ್ಲಿ ಬರೆದಿದೆ?" ಬರೆದಿತ್ತು, ಬಚಾವಾದೆ.

ಪರ್ಮಿಷನ್ ವಿಚಾರ ಬೇಗ ತಿಳ್ಕೊಳ್ಳಿ. ಆರೋಗ್ಯ ಸಂಶೋಧನೆಗೆ ಒಪ್ಪಿಗೆ ಕೊಡುವ ಸಂಸ್ಥೆ ಎಚ್‌ಆರ್‌ಎ, ಅದರ ವೆಬ್‌ಸೈಟಿನಲ್ಲಿ ಒಂದು ಚಿಕ್ಕ ಪ್ರಶ್ನಾವಳಿ ಇದೆ. ನೀವು ಮಾಡಲು ಹೊರಟಿರುವುದು ರಿಸರ್ಚ್ ಹೌದಾ ಅಲ್ಲವಾ ಅಂತ ಹೇಳುತ್ತದೆ. ರಿಸರ್ಚ್ ಆದರೆ ಐರಾಸ್ ಅನ್ನುವ ಆನ್‌ಲೈನ್ ಅರ್ಜಿ. ಸಿಬ್ಬಂದಿಯನ್ನು ಮಾತ್ರ ಮಾತಾಡಿಸುವುದಾದರೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ಎಥಿಕ್ಸ್ ಕಮಿಟಿ ಮುಂದೆ ಹೋಗಬೇಕಾಗಿಲ್ಲ. ಯೂನಿವರ್ಸಿಟಿ ಎಥಿಕ್ಸ್, ಎಚ್‌ಆರ್‌ಎ ಒಪ್ಪಿಗೆ, ಮತ್ತೆ ನಿಮ್ಮ ಆಸ್ಪತ್ರೆಯ ಆರ್ ಅಂಡ್ ಡಿ (ಸಂಶೋಧನಾ ವಿಭಾಗ) ಆಫೀಸು. ರೋಗಿಗಳು ಬಂದರೆ ಕಮಿಟಿ ಬೇಕು. ನಿಮ್ಮ ವಾರ್ಡಿನಲ್ಲಿ ಮರೆವಿನ ಕಾಯಿಲೆಯವರು ಇರುತ್ತಾರೆ. ಸ್ವತಃ ಒಪ್ಪಿಗೆ ಕೊಡಲಾಗದವರನ್ನು ಸೇರಿಸಿಕೊಳ್ಳುವುದಾದರೆ 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಕೂಡ ಬರುತ್ತದೆ. ಮಾಡಬಾರದು ಅಂತಲ್ಲ, ಅಂಥ ಸಂಶೋಧನೆ ಬೇಕೇ ಬೇಕು. ಆದರೆ ಪಾರ್ಟ್‌ಟೈಮ್ ಮಾಡುವವರು ಆ ತಿಂಗಳುಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಇನ್ನೊಂದು ಮಾತು. ನಿಮ್ಮ ಆಸ್ಪತ್ರೆಯ ಲೈಬ್ರರಿಗೆ ಹೋಗಿ. ಸಿಬ್ಬಂದಿಗೆ ಲಿಟರೇಚರ್ ಸರ್ಚ್, ಅಂದರೆ ವಿಷಯದ ಮೇಲಿನ ಲೇಖನಗಳ ಹುಡುಕಾಟ, ಪುಕ್ಕಟೆ ಮಾಡಿಕೊಡುತ್ತಾರೆ. ನಮ್ಮಲ್ಲಿ ಅರ್ಧ ಜನಕ್ಕೆ ಆ ಲೈಬ್ರರಿ ಯಾವ ಮಹಡಿಯಲ್ಲಿದೆ ಅಂತಾನೂ ಗೊತ್ತಿಲ್ಲ.

ಬರ್ಮಿಂಗ್‌ಹ್ಯಾಮ್, ಫಿಸಿಯೋಥೆರಪಿಸ್ಟ್

ದುಡ್ಡಿನ ವಿಚಾರ ನಾನು ಹೇಳುತ್ತೇನೆ, ಮೂರನೇ ವರ್ಷದಲ್ಲಿದ್ದೇನೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ಆದರೆ ಯೂನಿವರ್ಸಿಟಿ ನಿಮ್ಮನ್ನು ಸಾಮಾನ್ಯವಾಗಿ ಇಂಟರ್‌ನ್ಯಾಷನಲ್ ಫೀಸಿಗೆ ಹಾಕುತ್ತದೆ. ಎಷ್ಟೋ ವರ್ಷದಿಂದ ಇಲ್ಲೇ ಟ್ಯಾಕ್ಸ್ ಕಟ್ಟುತ್ತಿದ್ದೇನೆ ಅಂದರೂ ಕೇಳಲ್ಲ. ಎರಡು ಫೀಸಿಗೂ ಆಕಾಶ ಭೂಮಿ ಅಂತರ. ಸರ್ಕಾರದ ಡಾಕ್ಟರಲ್ ಲೋನ್ 2018ರಿಂದ ಇದೆ, ಈಗ ಇಡೀ ಕೋರ್ಸಿಗೆ ಸುಮಾರು 30 ಸಾವಿರ ಪೌಂಡ್ ಸಿಗುತ್ತದೆ. ಅದೂ ಈ ವೀಸಾದವರಿಗೆ ಇಲ್ಲ. ಹಾಗಾಗಿ ಐಎಲ್‌ಆರ್, ಅಂದರೆ ಇಲ್ಲಿ ಖಾಯಂ ಆಗಿ ಇರುವ ಅನುಮತಿ, ಹತ್ತಿರ ಇದ್ದರೆ ಅದು ಕೈಗೆ ಬಂದ ಮೇಲೆಯೇ ಸೇರಿ. ನಾನು ಹಾಗೇ ಕಾದೆ. ಕಾಯುವ ಹೊತ್ತಿನಲ್ಲಿ ವಿಷಯ ಹುಡುಕಿ, ಗೈಡ್ ಮಾತಾಡಿಸಿ.

ಲೋನ್ ತಗೊಂಡರೆ ವರ್ಷದ ಆದಾಯದಲ್ಲಿ 21 ಸಾವಿರ ಪೌಂಡ್ ಮೇಲಿನ ಭಾಗಕ್ಕೆ ನೂರಕ್ಕೆ 6ರಂತೆ ಹಿಡಿಯುತ್ತಾರೆ. ಮಾಸ್ಟರ್ಸ್ ಲೋನ್ ಇದ್ದರೆ ಎರಡೂ ಸೇರಿ ಇಷ್ಟೇ. ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಸಂಸ್ಥೆ ಎನ್‌ಐಎಚ್‌ಆರ್‌ನ ಫೆಲೋಶಿಪ್ ಕೂಡ ನೋಡಿ, ಅದರಲ್ಲಿ ಸಂಬಳವನ್ನೂ ಕೊಡುತ್ತಾರೆ. ಸ್ಪರ್ಧೆ ವಿಪರೀತ.

ಉಪಯೋಗದ ಬಗ್ಗೆ ಒಂದು ಕಹಿ ಮಾತು. ಎನ್‌ಎಚ್‌ಎಸ್‌ನಲ್ಲಿ ಬ್ಯಾಂಡ್ ಹುದ್ದೆಗೆ ಇರುವುದು, ಡಿಗ್ರಿಗೆ ಅಲ್ಲ. ಡಾಕ್ಟರೇಟ್ ಬಂದ ಮರುದಿನವೂ ನೀವು ಬ್ಯಾಂಡ್ 7. ಕನ್ಸಲ್ಟೆಂಟ್ ನರ್ಸ್ ಹುದ್ದೆಗೋ, ಅರ್ಧ ಯೂನಿವರ್ಸಿಟಿ ಅರ್ಧ ಆಸ್ಪತ್ರೆ ಹುದ್ದೆಗೋ ಹೋಗುವವರಿಗೆ ಇದು ಬಲ. ಬರೀ ಸಂಬಳಕ್ಕೆ ಅಂತಾದರೆ ಬೇಡವೇ ಬೇಡ.

ನ್ಯೂಜೆರ್ಸಿ, ನರ್ಸ್ ಪ್ರಾಕ್ಟಿಷನರ್

ಅಮೆರಿಕದ ಕಡೆಯದ್ದೂ ಇರಲಿ. ಇಲ್ಲಿ ಇದಕ್ಕೆ ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್) ಅನ್ನುತ್ತಾರೆ. ನರ್ಸಿಂಗ್ ಕಾಲೇಜುಗಳ ಒಕ್ಕೂಟ ಎಎಸಿಎನ್ 2004ರಲ್ಲಿ, 2015ರ ಹೊತ್ತಿಗೆ ನರ್ಸ್ ಪ್ರಾಕ್ಟಿಷನರ್ (ಎನ್‌ಪಿ) ಮಟ್ಟದ ನರ್ಸ್‌ಗಳೆಲ್ಲ ಡಿಎನ್‌ಪಿ ಮಾಡುವಂತಾಗಬೇಕು ಅಂತ ನಿರ್ಧರಿಸಿತ್ತು. ಆಗಲಿಲ್ಲ, ಇವತ್ತಿಗೂ ಮಾಸ್ಟರ್ಸ್ ಮಾಡಿದವರು ಎನ್‌ಪಿ ಆಗುತ್ತಾರೆ. ಅನಸ್ತೀಶಿಯಾ ನರ್ಸ್ ಆಗಲು ಹೊರಟವರಿಗೆ ಮಾತ್ರ 2022ರಿಂದ ಸೇರುವುದೇ ಡಾಕ್ಟರೇಟ್ ಕೋರ್ಸಿಗೆ. ನಮಗೆ ದೊಡ್ಡ ಥೀಸಿಸ್ ಇಲ್ಲ, ಆಸ್ಪತ್ರೆಯಲ್ಲಿ ಏನಾದರೂ ಸುಧಾರಣೆ ಮಾಡಿ ತೋರಿಸುವ ಪ್ರಾಜೆಕ್ಟ್. ಬಿಎಸ್ಸಿ ಆದ ಮೇಲಿನ ಪ್ರಾಕ್ಟೀಸ್ ಗಂಟೆಗಳು ಬಹಳಷ್ಟು ಕಡೆ 1000 ಆಗಬೇಕು. ಮಾಸ್ಟರ್ಸ್‌ನಲ್ಲಿ ಮಾಡಿದ್ದೂ ಸೇರುತ್ತದೆ, ಆ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕಂಪನಿ ವರ್ಷಕ್ಕೆ 5,250 ಡಾಲರ್‌ವರೆಗೆ ಫೀಸು ಕೊಟ್ಟರೆ ಅದಕ್ಕೆ ಫೆಡರಲ್ ಟ್ಯಾಕ್ಸ್ ಇಲ್ಲ. ಕೆಲವರು ಅದಕ್ಕೆ ತಕ್ಕಂತೆ ಕ್ರೆಡಿಟ್ ಹಂಚಿಕೊಂಡು ನಿಧಾನವಾಗಿ ಮುಗಿಸುತ್ತಾರೆ. ಸಂಶೋಧನೆಯೇ ಬದುಕು ಅನ್ನುವವರಿಗೆ ಡಿಎನ್‌ಪಿ ಅಲ್ಲ, ಪಿಎಚ್‌ಡಿಗೆ ಹೋಗಿ.

ಬೆಂಗಳೂರು, ಫಿಸಿಯೋಥೆರಪಿ ಕಾಲೇಜಿನ ಮೇಷ್ಟ್ರು

ಇಲ್ಲಿ ನಿಮ್ಮಲ್ಲಿರುವಂಥ ಪ್ರೊಫೆಷನಲ್ ಡಾಕ್ಟರೇಟ್ ಚಲಾವಣೆಯಲ್ಲಿಲ್ಲ. ಫಾರ್ಮಸಿಯ ಫಾರ್ಮ್ ಡಿ ಡಿಗ್ರಿಯ ಹೆಸರಿನಲ್ಲಿ ಡಾಕ್ಟರ್ ಇದೆ, ಆದರೆ ಅದು ಬೇರೆಯೇ ಕಥೆ, ಕೆಲಸದ ಜೊತೆ ಮಾಡುವಂಥದ್ದಲ್ಲ. ನಮಗೆಲ್ಲ ಪಾರ್ಟ್‌ಟೈಮ್ ಪಿಎಚ್‌ಡಿಯೇ ದಾರಿ. ಯುಜಿಸಿಯ 2022ರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಕೆಲಸ ಕೊಟ್ಟವರಿಂದ ಎನ್‌ಒಸಿ ಬೇಕು, ಓದಲು ಸಮಯ ಕೊಡುತ್ತೇವೆ ಅಂತ ಅದರಲ್ಲೇ ಬರೆದಿರಬೇಕು. ಲೆಸ್ಟರ್‌ನವರು ಹೇಳಿದ ಕಾಗದ ಇಲ್ಲಿ ನಿಯಮವೇ ಆಗಿದೆ ನೋಡಿ! ಆ ಸಮಯ ನಿಜವಾಗಿ ಸಿಗುತ್ತದಾ ಅಂತ ಕೇಳಬೇಡಿ.

ನಿಮಗೆ ಹೇಳಬೇಕಾದ್ದು ಒಂದೇ. ಮುಂದೆ ಊರಿಗೆ ಬಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದ್ದರೆ ಪಿಎಚ್‌ಡಿಯನ್ನೇ ಆರಿಸಿಕೊಳ್ಳಿ. ಇಲ್ಲಿನ ಜಾಹೀರಾತುಗಳಲ್ಲಿ "ಪಿಎಚ್‌ಡಿ" ಅಂತಲೇ ಇರುತ್ತದೆ. ಲೆವೆಲ್ 8 ಅಂದರೆ ಏನು ಅಂತ ಪ್ರತಿ ಮೇಜಿನ ಮುಂದೆಯೂ ಬಿಡಿಸಿ ಹೇಳುತ್ತಾ ಕೂರಬೇಕಾಗುತ್ತದೆ.

ಮ್ಯಾಂಚೆಸ್ಟರ್, ರೇಡಿಯೋಗ್ರಾಫರ್

ನಾನು ಮಧ್ಯದಲ್ಲೇ ಬಿಟ್ಟವನು. ಪಾಠದ ಭಾಗ ಮುಗಿದಿತ್ತು. ಆಮೇಲೆ ಅಪ್ಪನಿಗೆ ಹುಷಾರಿಲ್ಲದೆ ಹಾಸನಕ್ಕೆ ಓಡಾಟ ಶುರುವಾಯಿತು. ಒಂದು ವರ್ಷ ಬಿಡುವು ತಗೊಂಡೆ, ಕೊಡುತ್ತಾರೆ. ವಾಪಸ್ ಬಂದಾಗ ಆ ಪ್ರಶ್ನೆಯ ಮೇಲೆ ಆಸಕ್ತಿಯೇ ಉಳಿದಿರಲಿಲ್ಲ. ಬಿಟ್ಟೆ. ಬೇಜಾರಿಲ್ಲ. ಪಾಸಾದ ಕ್ರೆಡಿಟ್‌ಗಳಿಗೆ ಒಂದು ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್ ಕೊಟ್ಟರು. ಸೇರುವಾಗಲೇ ಕೇಳಿ: ಯಾವ ಹಂತದಲ್ಲಿ ಬಿಟ್ಟರೆ ಏನು ಸಿಗುತ್ತದೆ, ಎಷ್ಟು ಸಲ ಬಿಡುವು ತಗೊಳ್ಳಬಹುದು, ಬಿಡುವಿನಲ್ಲಿ ಫೀಸು ನಿಲ್ಲುತ್ತದಾ. ಕೇಳಲು ಸಂಕೋಚ ಯಾಕೆ?

ರೆಡಿಂಗ್, ಓದಿದವಳ ಗಂಡ

ನಾನು ಓದಿದವನಲ್ಲ, ಐಟಿಯವನು. ಅನುಭವಿಸಿದವನು ಮಾತ್ರ. ನಿಮ್ಮ ಯಜಮಾನರಿಗೆ ಎರಡು ಸಲಹೆ. ಶನಿವಾರ ಬೆಳಗ್ಗೆ ಮಕ್ಕಳನ್ನು ಕರ್ಕೊಂಡು ಮನೆ ಖಾಲಿ ಮಾಡಿ, ಈಜು, ಪಾರ್ಕು, ಎಲ್ಲಿಗಾದರೂ. "ನೀನು ಓದ್ಕೋ, ನಾವು ಗಲಾಟೆ ಮಾಡಲ್ಲ" ಅನ್ನುವುದು ಸುಳ್ಳು, ಗಲಾಟೆ ಆಗೇ ಆಗುತ್ತದೆ. ಎರಡನೆಯದು, "ಇವತ್ತು ಎಷ್ಟು ಪೇಜ್ ಆಯ್ತು?" ಅಂತ ಕೇಳಲೇಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐಎಲ್‌ಆರ್‌ಗೆ ಇನ್ನೂ ಸಮಯ ಇದೆ, ಅಲ್ಲಿವರೆಗೆ ಪ್ರಶ್ನೆ ಹುಡುಕುತ್ತೇನೆ. ರಾತ್ರಿ ಹೊತ್ತು ವಯಸ್ಸಾದವರು ಬೀಳುವುದರ ಬಗ್ಗೆ ಒಂದು ಯೋಚನೆ ಇದೆ. ಆದರೆ ಮಾತಾಡಿಸಬೇಕಾದವರು ನನ್ನ ಕೈಕೆಳಗಿನವರೇ. ಅವರು ನನ್ನ ಮುಂದೆ ನಿಜ ಹೇಳುತ್ತಾರಾ?

ಲೆಸ್ಟರ್, ಸ್ಟ್ರೋಕ್ ವಾರ್ಡ್ ನರ್ಸ್

ಹೇಳಲ್ಲ ಅಕ್ಕ, ಕನಿಷ್ಠ ರೆಕಾರ್ಡರ್ ಮುಂದೆ. ವೈವಾದಲ್ಲಿ ನನ್ನನ್ನು ಜಾಸ್ತಿ ಹಿಂಡಿದ್ದೂ ಇದರ ಮೇಲೆಯೇ. ನಾನು ನನ್ನ ಪಾಳಿಯವರನ್ನು ಬಿಟ್ಟು, ನಾನು ರೋಟಾ ಹಾಕದ ಇನ್ನೊಂದು ವಾರ್ಡಿನಿಂದ ಜನರನ್ನು ತಗೊಂಡೆ. ಕರೆಯುವ ಇಮೇಲ್ ನನ್ನ ಹೆಸರಲ್ಲಿ ಹೋಗಲಿಲ್ಲ, ಪ್ರಾಕ್ಟೀಸ್ ಎಜುಕೇಟರ್ (ಸಿಬ್ಬಂದಿಗೆ ತರಬೇತಿ ಕೊಡುವವರು) ಕಳಿಸಿದರು. ಒಪ್ಪಿದವರು ಯಾರು, ಒಲ್ಲೆ ಅಂದವರು ಯಾರು ಅಂತ ಅವರ ಮ್ಯಾನೇಜರ್‌ಗೆ ಗೊತ್ತಾಗದ ಹಾಗೆ ನೋಡಿಕೊಂಡೆ.

ಅಷ್ಟಾದರೂ ಒಬ್ಬ ಕೇರಳದ ಸಿಸ್ಟರ್ ಇಡೀ ಹೊತ್ತು ಪಾಲಿಸಿ ಪುಸ್ತಕದ ಹಾಗೆ ಮಾತಾಡಿದರು. ನಾನು ಥ್ಯಾಂಕ್ಸ್ ಹೇಳಿ ರೆಕಾರ್ಡರ್ ಆಫ್ ಮಾಡಿದೆ. ಅವರು ಕುರ್ಚಿಗೆ ಒರಗಿ, "ಈಗ ನಿಜ ಹೇಳ್ತೀನಿ" ಅಂತ ಶುರು ಮಾಡಿದರು! ರಾತ್ರಿ ಡಾಕ್ಟರ್‌ಗೆ ಫೋನ್ ಮಾಡಿದರೆ ಏನು ಬೈಗುಳ ಸಿಗುತ್ತದೆ ಅಂತ. ಅದನ್ನು ಕೇಳಿದೆ ಅಂತ ಬರೆಯುವ ಹಾಗಿಲ್ಲ, ಒಪ್ಪಿಗೆ ಕೊಟ್ಟಿದ್ದು ರೆಕಾರ್ಡ್ ಆದ ಮಾತಿಗೆ. ಆಗಲೇ ಕೇಳಿದೆ, ಇದನ್ನು ನೋಟ್ಸ್ ಮಾಡಿಕೊಳ್ಳಲಾ ಅಂತ. ಸ್ವಲ್ಪ ಭಾಗಕ್ಕೆ ಹೂಂ ಅಂದರು, ಉಳಿದದ್ದಕ್ಕೆ ಬೇಡ ಅಂದರು. ಬೇಡ ಅಂದದ್ದು ಥೀಸಿಸ್‌ನಲ್ಲಿ ಇಲ್ಲ.

ಟೈಪಿಂಗ್‌ಗೂ ಸಮಯ ಇಟ್ಟುಕೊಳ್ಳಿ. ಕಂಪ್ಯೂಟರ್ ತಾನೇ ಬರೆದುಕೊಡುತ್ತದೆ, ಆದರೆ ನಮ್ಮವರ ಉಚ್ಚಾರಣೆ ಅದಕ್ಕೆ ಹತ್ತಲ್ಲ. "ಡಿಸ್ಫೇಜಿಯಾ" (ನುಂಗಲು ಕಷ್ಟ ಆಗುವುದು) ಅಂದರೆ "ದಿಸ್ ಏಷ್ಯಾ" ಅಂತ ಬರೆದಿತ್ತು. ಕೂತು ಒಂದೊಂದೇ ಸಾಲು ಕೇಳಿ ತಿದ್ದಬೇಕು.

ಬೀಳುವುದರ ಪ್ರಶ್ನೆ ಚೆನ್ನಾಗಿದೆ, ಆದರೆ ಇನ್ನೂ ಸಣ್ಣದು ಮಾಡಿ. ಎಲ್ಲಿ ಬೀಳುತ್ತಾರೆ, ಟಾಯ್ಲೆಟ್‌ಗೆ ಹೋಗುವಾಗಲಾ? ಬೆಲ್ ಒತ್ತಿ ಕಾದು ಸಾಕಾಗಿ ಎದ್ದವರಾ? ನಿಮ್ಮ ವಾರ್ಡಿನ ಇನ್ಸಿಡೆಂಟ್ ರಿಪೋರ್ಟ್‌ಗಳನ್ನು ಒಂದು ಸಲ ಸುಮ್ನೆ ಕೆಲಸದ ಭಾಗವಾಗಿ ಓದಿ ನೋಡಿ. ನನ್ನ ಇನ್ಫರ್ಮೇಷನ್ ಶೀಟ್, ಒಪ್ಪಿಗೆ ಪತ್ರದ ಮಾದರಿ ಬೇಕಾದರೆ ಮೆಸೇಜ್ ಹಾಕಿ, ಕಳಿಸುತ್ತೇನೆ. ಈ ವಾರ ನೈಟ್ಸ್ ಇದೆ, ಉತ್ತರ ತಡ ಆಗಬಹುದು.